ಮೂರು ಜನದ ಟ್ಯೂಬಿಗೆ ನಾಲ್ಕನೆಯವರು

ಹೋದ ಭಾನುವಾರ ನಾನು ಧರಣಿ ಕುಂತಿದ್ದೆ. ತಾಲ್ಲೂಕು ಆಫೀಸಿನ ಮುಂದಲ್ಲ. ಗಾಳಿ ತುಂಬಿದ ಒಂದು ರಬ್ಬರ್ ಟ್ಯೂಬಿನ ಮೇಲೆ!

ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ಒಂದು ದಂಡೆ. (ಯಾವ ಊರಿನ ದಂಡೆ ಅಂತ ಕೇಳಬೇಡಿ. ಬೋಟಿನವನು ಒಳ್ಳೆಯವನು, ಅವನ ಹೊಟ್ಟೆ ಮೇಲೆ ಹೊಡೆಯೋ ಆಸೆ ನನಗಿಲ್ಲ.) ಹಿಂದೆ ಕ್ಯೂ ನಿಂತಿದ್ದ ಹುಡುಗರು, "ಏಳ್ರಿ ಆಂಟಿ, ಟೈಮ್ ವೇಸ್ಟ್" ಅಂತ ಕೂಗಿದರು. ಆಂಟಿ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ಟೈಮ್ ವೇಸ್ಟ್ ಅಂದರಲ್ಲ, ಅದಕ್ಕೆ ಇನ್ನೂ ಗಟ್ಟಿಯಾಗಿ ಕುಂತೆ.

ಆಗಿದ್ದಿಷ್ಟು. ಹೊಳಲ್ಕೆರೆ ಕಡೆಯಿಂದ ನನ್ನ ನಾದಿನಿ ಸುಧಾ, ಅವಳ ಗಂಡ ರುದ್ರೇಶ, ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು. ದೊಡ್ಡವಳು ಕಾವ್ಯ, ಹೈಸ್ಕೂಲು. ಚಿಕ್ಕವಳು ಪಿಂಕಿ, ಈಗಿನ್ನೂ ಒಂದನೇ ಕ್ಲಾಸು. ನಮ್ಮ ಕಡೆಯಿಂದ ನಾನು, ಯಜಮಾನರು, ಮಗಳು ಮೇಘನಾ, ಮತ್ತೆ ಬಿ.ದುರ್ಗದ ನಮ್ಮ ಅತ್ತೆ. ಚಿತ್ರಾನ್ನ, ಮೊಸರನ್ನ, ಡಬ್ಬಿ ತುಂಬ ಚಕ್ಕುಲಿ. ನೀರು ನೋಡೋಣ ಅಂತ ಹೊರಟೆವು.

ನೀರು ನೋಡೋಣ ಅಂತಲೇ ಹೊರಡೋ ಜನ ನಾವು. ಟ್ಯಾಂಕರ್ ಬರುವ ದಿನಕ್ಕೆ ಕೊಡ ಸಾಲಾಗಿಟ್ಟು ಬೆಳೆದವರಿಗೆ ಇಷ್ಟು ನೀರು ಒಟ್ಟಿಗೆ ಕಂಡರೆ ಏನಾಗುತ್ತೆ ಹೇಳಿ? ಕೈಮುಗೀತೀವಿ, ತಲೆಗೆ ಪ್ರೋಕ್ಷಣೆ ಮಾಡ್ಕೊಳ್ತೀವಿ, ಸೆಲ್ಫಿ ತಗೊಳ್ತೀವಿ. ಹೆದರೋದು ಮಾತ್ರ ಯಾರೂ ಕಲಿಸಿಲ್ಲ. ನಮ್ಮ ಮನೆಯಲ್ಲಿ ಈಜು ಬರೋದು ಎಷ್ಟು ಜನಕ್ಕೆ ಗೊತ್ತಾ? ಒಬ್ಬರಿಗೂ ಇಲ್ಲ.

ದಂಡೆಯಲ್ಲಿ ಹೊಸ ಆಟ ಶುರುವಾಗಿತ್ತು. ಬೋಟಿನ ಹಿಂದೆ ಉದ್ದನೆ ಹಗ್ಗ, ಹಗ್ಗದ ತುದಿಗೆ ದೊಡ್ಡ ಟ್ಯೂಬು, ಟ್ಯೂಬಿನ ಮೇಲೆ ಜನ. ಬೋಟು ಎಳೆಯುತ್ತೆ, ಟ್ಯೂಬು ಕುಣಿಯುತ್ತೆ, ಮೇಲಿದ್ದವರು ಬೊಬ್ಬೆ ಹೊಡೀತಾರೆ. ನೋಡೋಕೇ ಖುಷಿ. ನಾನೇನು ಆಟ ಬೇಡ ಅನ್ನೋ ಪೈಕಿ ಅಲ್ಲ.

ಟ್ಯೂಬಿನ ಮೇಲೆ ಮೂರು ಸೀಟು, ಮೂರು ಜೊತೆ ಹಿಡಿ. ಮೇಘನಾ, ಕಾವ್ಯ, ಸುಧಾ ಹತ್ತಿದರು. ಅಷ್ಟರಲ್ಲಿ ಅತ್ತೆ, "ತಡೀರವ್ವ! ಮೂರು ಜನ ಹೊರಡಬಾರ್ದು" ಅಂದರು.

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೂರು ಜನ ಹೋದರೆ ಹೋದ ಕೆಲಸ ಕೆಡುತ್ತೆ. ಹೆಣ್ಣು ನೋಡೋಕೆ ಮೂವರು ಹೊರಟರೆ ನಾಲ್ಕನೆಯದಕ್ಕೆ ಒಂದು ಕಲ್ಲನ್ನಾದರೂ ಜೇಬಿಗೆ ಹಾಕ್ಕೊಳ್ತಾರೆ. ಅತ್ತೆ ಅಲ್ಲೇ ಬಗ್ಗಿ ಕಲ್ಲು ಹುಡುಕೋಕೆ ಶುರು ಮಾಡಿದರು. ಕಲ್ಲಿಗೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ರುದ್ರೇಶ ಬಿಡಬೇಕಲ್ಲ? "ಕಲ್ಲು ಯಾಕತ್ತೆ, ಪಿಂಕಿ ಅದಾಳಲ್ಲ! ಅವ್ಳನ್ನ ಅಮ್ಮನ ತೊಡೆ ಮೇಲೆ ಕುಂಡ್ರುಸಿದ್ರೆ ನಾಲ್ಕಾತು" ಅಂದ. ಎಲ್ಲರೂ ನಕ್ಕರು. ಪಿಂಕಿ ಚಪ್ಪಾಳೆ ತಟ್ಟಿಕೊಂಡು ಓಡಿತು. ಯಾರೋ ಅದಕ್ಕೊಂದು ಲೈಫ್ ಜಾಕೆಟ್ ತೊಡಿಸಿದರು. ದೊಡ್ಡವರದ್ದು.

ನಾನು ಜಾಕೆಟ್ಟಿನ ಎರಡೂ ಹೆಗಲು ಹಿಡಿದು ಮೇಲಕ್ಕೆ ಎತ್ತಿದೆ. ಜಾಕೆಟ್ ಬಂತು, ಪಿಂಕಿ ಬರಲಿಲ್ಲ. ಮೂಗಿನವರೆಗೂ ಒಳಗೆ ಜಾರಿ ಕಣ್ಣು ಮಾತ್ರ ಪಿಳಿಪಿಳಿ ಬಿಡುತ್ತಿತ್ತು. ನೀರು ಮಾಡೋದೂ ಇದನ್ನೇ ತಾನೆ? ಜಾಕೆಟ್ಟನ್ನ ತೇಲಿಸುತ್ತೆ, ಕೂಸನ್ನ ಒಳಗೆ ಎಳ್ಕೊಳ್ಳುತ್ತೆ.

"ಇವಳು ಹೋಗಲ್ಲ" ಅಂದೆ.

"ಅಯ್ಯೋ ಬಿಡಕ್ಕ, ನಮ್ಮ ಮುಂದೇನೆ ಐದೈದು ಜನ ಹೋಗಿ ಬಂದ್ರು. ಏನಾತು?" ಅಂದ ರುದ್ರೇಶ.

"ಬಿದ್ರೆ?"

"ಅಪಶಕುನ ನುಡೀಬೇಡ ಕಣೆ ಗೀತಾ, ಬಿಡ್ತು ಅನ್ನು" ಅಂದರು ಅತ್ತೆ.

ನಾನು ಬಿಡ್ತು ಅನ್ನಲಿಲ್ಲ. ಪಿಂಕಿಯನ್ನ ಪಕ್ಕಕ್ಕೆ ಸರಿಸಿ ಟ್ಯೂಬಿನ ಮೇಲೆ ನಾನೇ ಧಪ್ಪಂತ ಕುಂತೆ. ನಮ್ಮ ಯಜಮಾನರು ಎಲ್ಲಿ ಅಂತೀರಾ? ವಿಡಿಯೋ ಮಾಡೋ ನೆಪದಲ್ಲಿ ಆಗಲೇ ದೂರ ಸರಿದು ಇನ್ಯಾರದೋ ಮನೆಯವರ ಥರ ನಿಂತಿದ್ದರು.

ಕುಂತ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಬೋಟಿನಲ್ಲಿ ಇದ್ದವನು ಒಬ್ಬನೇ. "ಏನಪ್ಪ, ನೀನು ಮುಂದೆ ನೋಡ್ತಾ ಓಡಿಸ್ತೀಯ. ಹಿಂದೆ ಇವರು ಬಿದ್ರೆ ನೋಡೋರು ಯಾರು?"

"ನಮ್ ಜೊತೆಗಾರ ಮದುವೆಗೆ ಹೋಗ್ಯಾನೆ ಅಕ್ಕ. ನಾನೇ ಆಗಾಗ ತಿರುಗಿ ನೋಡ್ತಿರ್ತೀನಿ ಬಿಡ್ರಿ."

"ನೀನು ಹಿಂದೆ ತಿರುಗಿದಾಗ ಮುಂದೆ ನೋಡೋನು ಯಾರು?"

ಅಲ್ಲರೀ, ನಮ್ಮ ಧರ್ಮಪುರದ ಬಸ್ಸಿಗೂ ಒಬ್ಬ ಕಂಡಕ್ಟರ್ ಇರ್ತಾನೆ. ಹಿಂದಿನ ಬಾಗಿಲಲ್ಲಿ ಅಜ್ಜಿಯೊಂದು ಹತ್ತಿದ ಮೇಲೇ ಸೀಟಿ ಊದೋದು. ಬಸ್ಸಿಗೆ ಕಂಡಕ್ಟರ್ ಬೇಕು, ನಡುನೀರಲ್ಲಿ ಹಗ್ಗಕ್ಕೆ ಜೋತುಬಿದ್ದ ಮಕ್ಕಳಿಗೆ ಬೇಡವಾ?

"ನಾಲ್ಕು ಜನ ಆಗ್ಲೇಬೇಕು ಅಂದ್ರೆ ಆಗ್ಲಿ. ನಾಲ್ಕನೆಯವರು ಬೋಟಲ್ಲಿ ಹಿಂದಕ್ಕೆ ಮುಖ ಮಾಡಿ ಕುಂತ್ಕಳ್ಳಿ. ಅಲ್ಲೀವರೆಗೂ ನಾನು ಏಳಲ್ಲ" ಅಂದೆ.

ರುದ್ರೇಶ ನನ್ನ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ. ಸುಧಾ, "ಅತ್ತಿಗೆ, ಎಲ್ಲಾರೂ ನೋಡ್ತಾವ್ರೆ" ಅಂತ ಗೊಣಗಿದಳು. ನನ್ನ ಮಗಳು ಮುಖಕ್ಕೆ ಕೈ ಅಡ್ಡ ಇಟ್ಕೊಂಡಳು. ನೋಡಲಿ! ಮಾನ ಹೋದರೆ ನಾಳೆ ಬರುತ್ತೆ.

ಅತ್ತೆಗೆ ಮಾತ್ರ ಲೆಕ್ಕ ಸರಿಹೋಯಿತು. ಅವರಿಗೆ ಬೇಕಿದ್ದಿದ್ದು ನಾಲ್ಕು. "ಸರಿ, ನಾಲ್ಕನೆಯೋಳು ನಾನೇ ಆಗ್ತೀನಿ, ನಡೀರಿ" ಅಂದರು. ಸೀರೆ ಮೇಲೆ ಜಾಕೆಟ್ ಬಿಗಿಸಿಕೊಂಡು, ಬಿಸಿಲಿಗೆ ತಲೆಗೆ ಕಟ್ಟಿದ್ದ ಕೆಂಪು ಟವೆಲ್ ಸರಿಮಾಡಿಕೊಂಡು, ಡ್ರೈವರನಿಗೆ ಬೆನ್ನು ಹಾಕಿ ಕುಂತೇಬಿಟ್ಟರು. ಆಮೇಲೆ ನಾನು ಎದ್ದೆ. ಫೋಟೋಗೆ ಚೆನ್ನಾಗಿ ಕಾಣಲ್ಲ ಅಂತ ಸುಧಾ ಬಿಚ್ಚಿಟ್ಟಿದ್ದ ಜಾಕೆಟ್ ಕ್ಲಿಪ್ಪುಗಳನ್ನ ಒಂದೊಂದಾಗಿ ಹಾಕಿಸಿ, ಹಗ್ಗವನ್ನ ಕೈಗೆ ಸುತ್ಕೋಬೇಡಿ ಅಂತ ಮೂವರಿಗೂ ಹೇಳಿ ದಂಡೆಗೆ ಬಂದೆ. ಪಿಂಕಿ ಅಳುತ್ತಾ ಬಂದು ನನ್ನ ತೊಡೆಗೆ ಚಿವುಟಿತು. ಚಿವುಟಿಸಿಕೊಂಡೆ.

ಮೊದಲ ಸುತ್ತು ಭರ್ಜರಿ. ಎರಡನೇ ಸುತ್ತಿನಲ್ಲಿ ಬೋಟು ತಿರುಗಿತು. ಬೋಟು ಚಿಕ್ಕದಾಗಿ ತಿರುಗಿದರೂ ಹಿಂದಿನ ಟ್ಯೂಬು ಬೀಸಿ ದೊಡ್ಡದಾಗಿ ತಿರುಗುತ್ತೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಟ್ಯೂಬಿನ ಮೇಲಿದ್ದ ಮೂರು ತಲೆ ಎರಡಾಯಿತು. ಕಾವ್ಯ ಬಿದ್ದಿದ್ದಳು. ಸುಧಾ, ಮೇಘನಾ ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದವರು, ಅವರಿಗೆ ಪಕ್ಕದವಳು ಹೋಗಿದ್ದೇ ಗೊತ್ತಿಲ್ಲ.

ಆಗ ಕೇಳಿಸಿತು ನೋಡಿ ನಮ್ಮತ್ತೆ ದನಿ. "ನಿಲ್ಸಲೇ! ಕೂಸು ಬಿತ್ತು!"

ಇಂಜಿನ್ ಸದ್ದು ಇಳಿಯಿತು. ಆದರೆ ಅಷ್ಟರಲ್ಲಿ ಆಚೆ ದಡದಿಂದ ಇನ್ನೊಂದು ಬೋಟು ಅದೇ ದಾರಿಯಲ್ಲಿ ನೆಟ್ಟಗೆ ಬರುತ್ತಿತ್ತು. ದಂಡೆಯಿಂದ ನಾವು ಕೂಗಿದರೆ ಅಲ್ಲಿಗೆ ಕೇಳಿಸುತ್ತದಾ? ರುದ್ರೇಶ ಬಟ್ಟೆ ಸಮೇತ ನೀರಿಗೆ ಇಳಿದ. ಈಜು ಬರಲ್ಲ, ಆದರೂ ಇಳಿದ. ಸೊಂಟದ ಮಟ್ಟಕ್ಕೆ ಹೋಗಿ, "ಕಾವ್ಯಾ, ಕಾವ್ಯಾ" ಅಂತ ನಿಂತುಬಿಟ್ಟ. ಅತ್ತೆ ಒಂದು ಕೈಯಲ್ಲಿ ಬೋಟಿನ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ತಲೆಯ ಟವೆಲ್ ಕಿತ್ತು ಬೀಸಿದರು. ಬೀಸಿದರು, ಬೀಸಿದರು. ಆ ಬೋಟು ಕೊನೆಗೂ ಪಕ್ಕಕ್ಕೆ ಹೊರಳಿತು. ಅದರ ಡ್ರೈವರನಿಗೆ ಕಂಡಿದ್ದು ಟವೆಲ್, ಕಾವ್ಯ ಅಲ್ಲ. ದೂರಕ್ಕೆ ನೀರಲ್ಲಿ ಒಂದು ತಲೆ ಅಂದರೆ ತೇಲೋ ತೆಂಗಿನಕಾಯಿ ಅಷ್ಟೇ.

ನಮ್ಮ ಬೋಟಿನವನು ನಿಧಾನಕ್ಕೆ ಸುತ್ತಿ ಬಂದು, ಇಂಜಿನ್ ಆಫ್ ಮಾಡಿ, ಅವಳನ್ನ ಮೇಲೆತ್ತಿದ. ಹುಡುಗಿ ನಗುತ್ತಿದ್ದಳು! ಜಾಕೆಟ್ ಬಿಗಿಯಾಗಿತ್ತಲ್ಲ, ಮೈಯೆಲ್ಲ ನೆಂದಿತ್ತು ಅಷ್ಟೇ. ಚಿವುಟಿದ್ದ ಆ ಚಿಕ್ಕ ಕೈಯನ್ನ ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, "ದೊಡ್ಡತ್ತೆ, ನೋಯ್ತೈತೆ" ಅಂತು ಪಿಂಕಿ.

ದಂಡೆಯ ತುಂಬ ಒಂದೇ ಮಾತು. "ಗಂಗಮ್ಮ ದೊಡ್ಡೋಳು, ಕಾಪಾಡಿದ್ಲು." ಕಾಪಾಡಲಿ, ನಾನೂ ಕೈ ಮುಗಿದೆ. ಆದರೆ ಎಲ್ಲಾ ಅವಳ ತಲೆಗೇ ಕಟ್ಟೋದು ಯಾವ ನ್ಯಾಯ? ಹೊಸ ಬೈಕಿನ ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ, ಹೆಲ್ಮೆಟ್ಟನ್ನ ಪೆಟ್ರೋಲ್ ಟ್ಯಾಂಕಿನ ಮೇಲೆ ಇಡ್ತೀವಿ. ಆಟೋದಲ್ಲಿ ಮಕ್ಕಳನ್ನ ತುಂಬಿ ಮುಂದೆ ದೇವರ ಫೋಟೋಗೆ ಹೂ ಹಾಕ್ತೀವಿ. ಯಾರಾದರೂ ಬೇಡ ಅಂದರೆ ಅವರು ಕಿರಿಕ್ಕು, ಪುಕ್ಕಲು, ಬಾಯಿ ಬಿಟ್ಟರೆ ಅಪಶಕುನ. ಹೌದು ಕಣ್ರೀ, ನಾನು ಕಿರಿಕ್ಕು. ಏನೀಗ? ಬೇಕಾದರೆ ಬಾಗಿಲಿಗೆ ಬೋರ್ಡು ಹಾಕಿಸ್ತೀನಿ.

ವಾಪಸ್ಸು ಬರುವಾಗ ನಮ್ಮ ಕಾರಿನಲ್ಲಿ ಅತ್ತೆ ಚಕ್ಕುಲಿ ಮುರೀತಾ, "ಹಿಂದಕ್ಕೆ ಕುಂತ್ರೆ ಗಾಳಿ ಚೆನ್ನಾಗ್ ಬೀಸ್ತೈತೆ" ಅಂದರು.

ನಿನ್ನೆ ರುದ್ರೇಶ ಫೋನ್ ಮಾಡಿದ್ದ. ಪ್ಯಾಂಟು ಒಣಗಿದ ಮೇಲೆ ಧೈರ್ಯವೂ ವಾಪಸ್ಸು ಬಂದಿತ್ತು ಅಂತ ಕಾಣುತ್ತೆ. "ಅಲ್ಲಕ್ಕ, ಅಷ್ಟು ಜನದ ಮುಂದೆ ಅಷ್ಟೊಂದು ಗಲಾಟೆ ಮಾಡಿದ್ರಿ. ಕೊನೆಗೆ ನೋಡ್ರಿ, ಏನೂ ಆಗ್ಲೇ ಇಲ್ಲ!" ಅಂದ.

ಅದಕ್ಕೇ ಅಲ್ವೇನಪ್ಪ ಗಲಾಟೆ ಮಾಡಿದ್ದು?