ಡಾಕ್ಟರು ಅಂದ ‘ಸಾರಿ’

ಮಗಳು ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಮನೆ ಮಾಡಿದ್ದಾಳೆ. ಹೋದ ನವೆಂಬರಿನಲ್ಲಿ ಅವಳಲ್ಲಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಲಿಫ್ಟಿನಿಂದ ಹೊರಗೆ ಕಾಲಿಟ್ಟೆ, ಯಾರದೋ ಅಡುಗೆಮನೆಯಿಂದ ಬಾಫತ್ ಮಸಾಲೆಯ ಘಾಟು ಮೂಗಿಗೆ ಬಡಿಯಿತು. ಒಣಮೆಣಸಿನಕಾಯಿ, ಕೊತ್ತಂಬರಿ, ಅದರ ಬೆನ್ನಿಗೇ ವಿನೆಗರಿನ ಹುಳಿ. ಮಂಗಳೂರು ಕಡೆಯ ಕ್ರೈಸ್ತರು ಮಾಂಸದ ಅಡುಗೆಗೆ ಹಾಕುವ ಮಸಾಲೆ ಅದು. ನಾನು ಗದಗಿನ ಲಿಂಗಾಯತರ ಮನೆಯವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಆದರೂ ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತೆ...

ತೊಂಬತ್ತರ ದಶಕದ ಕೊನೆಯಲ್ಲಿ ಅಬುಧಾಬಿಯಲ್ಲಿ ನಾವು ಒಂದು ಫ್ಲಾಟನ್ನು ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡಿದ್ದೆವು. ನಮಗೊಂದು ಕೋಣೆ, ಅವರಿಗೊಂದು ಕೋಣೆ, ಅಡುಗೆಮನೆ ಇಬ್ಬರದೂ. ನನ್ನ ಯಜಮಾನರು ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿದ್ದರು. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತುತ್ತಿದ್ದರು. ಪಕ್ಕದ ಕೋಣೆಯಾಕೆ ಉಡುಪಿ ಕಡೆಯ ಕ್ರೈಸ್ತರು, ಕೊಂಕಣಿ ಮನೆಮಾತು, ಆಸ್ಪತ್ರೆಯಲ್ಲಿ ನರ್ಸು. ನಾನು ಅವರನ್ನು ‘ಬಾಯಿ’ ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಹಾಗೆ ಕರೆಯುವುದುಂಟು, ಅವರ ಕೊಂಕಣಿಯಲ್ಲೂ ಉಂಟಂತೆ. ಆ ಒಂದು ಪದ ಇಬ್ಬರಿಗೂ ಹೊಂದಿಕೊಂಡಿತ್ತು.

ಮೀನು ಹುರಿಯುವ ದಿನ, ಬಾಫತ್ ಮಾಡುವ ದಿನ ಬಾಯಿ ನಮ್ಮ ಬಾಗಿಲು ತಟ್ಟಿ, “ಸಾರಿ ಹಾಂ, ಇವತ್ತು ಸ್ವಲ್ಪ ವಾಸನೆ ಉಂಟು” ಎನ್ನುತ್ತಿದ್ದರು. ನನಗೆ ಗೊತ್ತಿದ್ದ ಸಾರಿ ಅಷ್ಟೇ. ಶಾಲೆಯಲ್ಲಿ ಕಲಿತದ್ದೂ ಅದನ್ನೇ: ಯಾರದಾದರೂ ಕಾಲು ತುಳಿದರೆ, ಲೋಟ ಒಡೆದರೆ, ತಡವಾಗಿ ಬಂದರೆ ಸಾರಿ ಅನ್ನಬೇಕು. ತಪ್ಪು ಮಾಡಿದವರು ಹೇಳುವ ಮಾತು. ಎದುರಿಗಿನವರು ಒಳ್ಳೆಯವರಾದರೆ ಪರವಾಗಿಲ್ಲ ಅನ್ನಬೇಕು.

ಎರಡನೆಯ ವರ್ಷ ನಾನು ಬಸುರಿಯಾದೆ. ಬಾಯಿಗೆ ನನಗಿಂತ ಹೆಚ್ಚು ಸಂಭ್ರಮ. ಅವರಿಗೆ ಮಕ್ಕಳಿರಲಿಲ್ಲ. ಎಂಟನೆಯ ತಿಂಗಳಲ್ಲಿ, ಯಜಮಾನರು ಕೆಲಸದ ಮೇಲೆ ದೂರದ ದ್ವೀಪವೊಂದಕ್ಕೆ ಹೋಗಿದ್ದಾಗ, ಬೆಳಗಿನ ಹೊತ್ತು ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿತು. ಬಾಯಿ ಟ್ಯಾಕ್ಸಿ ನಿಲ್ಲಿಸಿ ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ನನ್ನನ್ನು ಸೇರಿಸಿದರು. ಆಪರೇಷನ್ ಆಯಿತು.

ಎಚ್ಚರವಾದಾಗ ಮಂಚದ ಪಕ್ಕ ಇಂಗ್ಲೆಂಡಿನ ಡಾಕ್ಟರು ನಿಂತಿದ್ದರು, ವಯಸ್ಸಾದವರು. ಅವರ ಹಿಂದೆ ಸಮವಸ್ತ್ರದಲ್ಲಿ ಬಾಯಿ. ಡಾಕ್ಟರು ಮೆಲ್ಲಗೆ ಏನೇನೋ ಹೇಳಿದರು. ಅರಿವಳಿಕೆಯ ಮತ್ತು ಇನ್ನೂ ಇಳಿದಿರಲಿಲ್ಲ, ಅವರ ಉಚ್ಚಾರವೂ ನನಗೆ ತಿಳಿಯುವಂಥದ್ದಲ್ಲ. ಕೊನೆಗೆ ನನ್ನ ಕೈಮೇಲೆ ಕೈಯಿಟ್ಟು, “ಐ ಆ್ಯಮ್ ವೆರಿ ಸಾರಿ” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಅಷ್ಟು ದೊಡ್ಡ ಡಾಕ್ಟರು, ಹೊಟ್ಟೆ ಕೊಯ್ದು ನೋಯಿಸಿದ್ದಕ್ಕೆ ನನ್ನಂಥವಳ ಕ್ಷಮೆ ಕೇಳುತ್ತಿದ್ದಾರಲ್ಲ ಎಂದು ನನಗೆ ಸಂಕೋಚವಾಯಿತು. ಆದಷ್ಟು ಚೆನ್ನಾಗಿ ನಕ್ಕೆ.

“ನೋ ಪ್ರಾಬ್ಲಂ, ಡಾಕ್ಟರ್. ನೋ ಪ್ರಾಬ್ಲಂ.”

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಕೈ ತೆಗೆದು, ತಲೆ ತಗ್ಗಿಸಿ ಹೊರಟುಹೋದರು.

“ಬಾಯಿ, ಕೂಸು ಏನದ? ಹೆಣ್ಣೋ ಗಂಡೋ?” ಎಂದು ಕೇಳಿದೆ.

“ಹೆಣ್ಣು” ಎಂದರು ಬಾಯಿ. “ಈಗ ಮಲಗಿ ನೀವು.” ಹಾಗೆಂದವರು ಡಾಕ್ಟರ ಹಿಂದೆಯೇ ಬಿರಬಿರನೆ ನಡೆದರು.

ಇಡೀ ದಿನ ಕಾದೆ. ತಿಂಗಳು ತುಂಬದ ಕೂಸು, ಬೇರೆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರಬೇಕು ಅಂದುಕೊಂಡೆ. ಮಲಗಿದಲ್ಲೇ ಹೆಸರು ಹುಡುಕಿದೆ. ಅಜ್ಜಿಯ ಹೆಸರಿಡಬೇಕು, ಆದರೆ ಇಲ್ಲಿನ ಶಾಲೆಯಲ್ಲಿ ಮಕ್ಕಳು ನಕ್ಕಾರು ಎಂದು ಅದನ್ನು ಮೊಟಕು ಮಾಡಿದೆ. ಪಕ್ಕದ ಮಂಚದ ಕೇರಳದ ಹೆಂಗಸಿಗೆ ‘ಬೇಬಿ ಗರ್ಲ್’ ಎಂದು ಹೇಳಿಕೊಂಡೆ. ಆಕೆ ಮುಖ ಅತ್ತ ತಿರುಗಿಸಿದಳು. ಅವಳಿಗೆ ಗೊತ್ತಿತ್ತು. ಆ ವಾರ್ಡಿನಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ...

ಸಂಜೆ ಡ್ಯೂಟಿ ಮುಗಿಸಿ, ಮನೆಯ ಬಟ್ಟೆ ಹಾಕಿಕೊಂಡು ಬಾಯಿ ಬಂದರು. ಮಂಚದ ಅಂಚಿಗೆ ಕೂತು ನನ್ನ ಎರಡೂ ಕೈ ಹಿಡಿದರು.

“ಮಗು ಇಲ್ಲ. ಹೊಟ್ಟೆಯಲ್ಲೇ ಹೋಗಿತ್ತು. ಡಾಕ್ಟರು ಬೆಳಿಗ್ಗೆ ಅದನ್ನೇ ಹೇಳಿದ್ದು.”

“ಅವರು ಸಾರಿ ಅಂದ್ರಲ್ರೀ...”

“ಹೌದು. ಇಂಗ್ಲಿಷಿನವರು ಸಾವಿಗೂ ಹಾಗೇ ಹೇಳುವುದು.” ಹಿಡಿದ ಕೈ ಬಿಡದೆ ಮುಂದುವರಿಸಿದರು. “ನಿಮಗೆ ಅರ್ಥ ಆಗ್ಲಿಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು. ಅಲ್ಲೇ ಹೇಳ್ಬೇಕಿತ್ತು. ಇಷ್ಟು ವರ್ಷ ಎಷ್ಟು ಜನರಿಗೆ ಹೇಳಿದ್ದೇನೆ, ನಿಮಗೆ ಹೇಳ್ಲಿಕ್ಕೆ ನಾಲಗೆ ಏಳ್ಲಿಲ್ಲ. ಇಡೀ ದಿನ ನಿಮ್ಮನ್ನು ಕಾಯಿಸಿದೆ. ಸಾರಿ.”

“ಇದು ಯಾವ ಸಾರಿ, ಬಾಯಿ?” ಎಂದೆ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲಿಲ್ಲ.

“ಗೊತ್ತಿಲ್ಲ ಮಾರಾಯ್ತಿ” ಎಂದು ಅವರು ಅತ್ತರು.

ದುಃಖಕ್ಕೆ ಅದರದೇ ದಾರಿಯಿರುತ್ತದೆ, ಅತ್ತರೆ ಸ್ವಲ್ಪ ಇಳಿಯುತ್ತದೆ. ನಾಚಿಕೆ ಹಾಗಲ್ಲ. ಊರಿಂದ ಅವ್ವ ಫೋನಿನಲ್ಲಿ ಅಳುವಾಗ, ಒಲೆಯ ಮುಂದೆ ನಿಂತಾಗ, ಆ ನಗು ನನ್ನ ಮುಖದ ಮೇಲೆ ಮತ್ತೆ ಬಂದು ಕೂತಂತಾಗಿ ಮೈಯೆಲ್ಲ ಹಿಡಿಯಾಗುತ್ತಿತ್ತು. ಕೂಸು ಸತ್ತಿದೆ ಎಂದರೆ ಹಲ್ಲು ಕಿರಿದು ನೋ ಪ್ರಾಬ್ಲಂ ಅಂದ ತಾಯಿ! ಹೆಣ್ಣು ಕೂಸೆಂದು ಹಾಗಂದಳು ಎಂದು ಆ ಡಾಕ್ಟರು ತಿಳಿದಿದ್ದರೆ? ಹೊಲಿಗೆ ತೋರಿಸಲು ಕರೆದ ದಿನ ಹೋಗಲೇ ಇಲ್ಲ. ಯಜಮಾನರು ಬೈದರು, ನಾನು ಕಾರಣ ಹೇಳಲಿಲ್ಲ.

ಬಾಯಿಗೆ ಹೇಳದೆಯೇ ತಿಳಿಯಿತು. “ಯಲ್ಲಾ, ಏಳಿ” ಎಂದು ಅರಬ್ಬಿಯಲ್ಲಿ ಅವಸರಿಸಿದರು. “ನಾನು ಬರ್ತೇನೆ. ಅವರಿಗೆ ನೀವೇ ಹೇಳಿ” ಎಂದರು.

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಉರುಹೊಡೆದೆ. ಒಳಗೆ ಹೋದವಳು ಕೂರುವ ಮೊದಲೇ ಶುರು ಮಾಡಿದೆ: “ಡಾಕ್ಟರ್, ದಟ್ ಡೇ ಐ ಸೇ ನೋ ಪ್ರಾಬ್ಲಂ. ಐ ನಾಟ್ ಅಂಡರ್‌ಸ್ಟ್ಯಾಂಡ್. ಇಟ್ ಈಸ್ ಬಿಗ್ ಪ್ರಾಬ್ಲಂ. ಮೈ ಬೇಬಿ.”

ಡಾಕ್ಟರು ನನ್ನನ್ನು ನೋಡಿದರು, ಬಾಯಿಯನ್ನು ನೋಡಿದರು, ಆಮೇಲೆ ಮೇಜಿನ ಮೇಲಿನ ಫೈಲು ತೆರೆದು ಓದತೊಡಗಿದರು. ಅವರಿಗೆ ನಾನು ನೆನಪಿರಲಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದರು, ಪ್ರೀತಿಯಿಂದಲೇ ಮಾತಾಡಿದರು. ಏನೆಂದರೋ ಕೇಳಿಸಿಕೊಳ್ಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ನಾನೂ ಬಾಯಿಯೂ ನಗತೊಡಗಿದೆವು. ಯಾರಿಗೆ ಮುಖ ತೋರಿಸಲಾರೆನೆಂದು ಹೆದರಿದ್ದೆನೋ ಅವರಿಗೆ ಆ ಮುಖವೇ ಗುರುತಿಲ್ಲ! ನಗು ಯಾವಾಗ ಅಳುವಾಯಿತೋ...

ಎರಡು ವರ್ಷದ ಮೇಲೆ ಈ ಮಗಳು ಹುಟ್ಟಿದಳು. ಬಾಯಿಯ ಗಂಡನ ವೀಸಾ ಕ್ಯಾನ್ಸಲ್ ಆಗಿ ಅವರು ಊರಿಗೆ ಹೊರಟರು. ನಾವು ಆಮೇಲೆ ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಮನೆ ಬದಲಿಸಿದೆವು. ಕೆಲವು ವರ್ಷ ಹಬ್ಬಕ್ಕೊಮ್ಮೆ ಫೋನು ಮಾಡಿಕೊಂಡೆವು, ಆಮೇಲೆ ನಂಬರು ತಪ್ಪಿತು. ಮಗಳು ಇಂಗ್ಲಿಷಿನಲ್ಲೇ ಬೆಳೆದಳು. ನಾನು ಕನ್ನಡದಲ್ಲಿ ಏನಾದರೂ ಅಂದರೆ ಅರ್ಥವಾಗದೆ “ಸಾರಿ?” ಎನ್ನುತ್ತಿದ್ದಳು. ಆ ಪದಕ್ಕೆ ಹಾಗೂ ಒಂದು ಅರ್ಥವಿದೆಯೆಂದು ಅವಳಿಂದ ಕಲಿತೆ. ಇನ್ನೊಮ್ಮೆ ಹೇಳು ಅಂತ.

ಅಂದು ಆ ಘಾಟು ಮೂಗಿಗೆ ಬಿದ್ದ ಮೇಲೆ ಕೈ ಸುಮ್ಮನಿರಲಿಲ್ಲ. ಲಿಫ್ಟಿನ ಎದುರು ನಿಂತೇ ಹಳೆಯ ಪರಿಚಯದವರಿಗೆ ಫೋನು ಮಾಡಿ ಕೇಳಿ ಕೇಳಿ ಬಾಯಿಯ ಮನೆಯ ನಂಬರು ಹಿಡಿದೆ. ಫೋನೆತ್ತಿದ್ದು ಅವರ ಗಂಡ.

“ಅವಳು ಹೋಗಿ ಎರಡು ವರ್ಷ ಆಯ್ತಲ್ಲ ಅಮ್ಮ. ನೀವು ಯಾರು?”

ಹೇಗೋ ಗುರುತು ಹೇಳಿಕೊಂಡೆ. “ಅಬುಧಾಬಿಯೊಳಗ ನಿಮ್ಮ ಬಾಜೂ ಖೋಲಿಯಾಗ ಇದ್ದವರ್ರೀ...”

“ಓ, ಗದಗಿನವರು!” ಮುದುಕರ ದನಿ ಒಮ್ಮೆಲೇ ಎದ್ದಿತು. “ಗೊತ್ತಾಯ್ತು, ಗೊತ್ತಾಯ್ತು. ನಮ್ಮಲ್ಲಿ ಸತ್ತವರ ದಿನ ಅಂತ ಉಂಟು, ನವೆಂಬರಿನಲ್ಲಿ. ಪ್ರತಿ ವರ್ಷ ಅವಳು ಇಗರ್ಜಿಗೆ ಹೋಗಿ ಅಪ್ಪ ಅಮ್ಮನಿಗೆ ಮೇಣದಬತ್ತಿ ಹಚ್ಚಿ, ಕೊನೆಗೆ ‘ಗದಗಿನ ಪಾಪುವಿಗೆ’ ಅಂತ ಒಂದು ಹಚ್ಚುತ್ತಿದ್ದಳು. ಹೆಸರು ಇಟ್ಟಿರ್ಲಿಲ್ಲ ಅಲ್ವಾ ನೀವು? ಈಗ ನಾನು ಹಚ್ತೇನೆ. ಮೊನ್ನೆಯೂ ಹಚ್ಚಿದೆ, ಅವಳದ್ದರ ಪಕ್ಕದಲ್ಲೇ.”

ನಾನು ಆ ಮಗುವಿಗೆ ಒಂದು ವರ್ಷವೂ ಒಂದು ದೀಪ ಹಚ್ಚಿದವಳಲ್ಲ. ದಿನ ಕೂಡ ನೆನಪಿನಲ್ಲಿ ಇಟ್ಟಿರಲಿಲ್ಲ. ಫೋನು ಕಿವಿಗೊತ್ತಿಕೊಂಡು, ಆ ಹಿರಿಯರನ್ನು, ಬಾಯಿಗೆ ಕೊನೆಯ ದಿನಗಳಲ್ಲಿ ಬಹಳ ತ್ರಾಸಾಯಿತೇ ಎಂದು ಕೇಳಿದೆ. ಅವರು ಹೇಳತೊಡಗಿದರು. ಕೇಳುತ್ತ ಮಗಳ ಮನೆಯ ಬಾಗಿಲ ಹೊರಗೇ ಕೂತೆ.