ಮೂವತ್ತೊಂದು ಗೌಡರು, ನಾಯಕಿ ಒಬ್ಬಳೂ ಇಲ್ಲ

ಬೆಳಗಿನ ಆರೂಕಾಲು. ಬಳ್ಳಾರಿಯ ಆ ದೊಡ್ಡ ಗ್ರಂಥಾಲಯದ ಮುಂಬಾಗಿಲು ಇನ್ನೂ ತೆರೆದಿಲ್ಲ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಹಿಂಬಾಗಿಲಿನಿಂದ ಒಳಗೆ ಕಾಲಿಡುತ್ತಿದ್ದ ಹಾಗೇ ಬೈಸಿಕೊಳ್ಳುತ್ತೇನೆ. "ಸಾರ್, ಅಲ್ಲೇ ನಿಂದರ್ರಿ! ಖಳನಾಯಕರನ್ನ ತುಳೀತೀರಿ!"

ಎತ್ತಿದ ಕಾಲು ಎತ್ತಿದಂತೆಯೇ ನಿಂತು ನೋಡಿದರೆ, ನೆಲದ ತುಂಬ ಹಳೆಯ ನೋಟ್‌ಬುಕ್ಕುಗಳು. ನನ್ನ ಚಪ್ಪಲಿಯ ಬಳಿ ಇರುವುದು ಖಳನಾಯಕರ ಗುಡ್ಡೆ. ಕಿಟಕಿಯ ಕೆಳಗೆ ಗೌಡರು, ಬೀರುವಿನ ಪಕ್ಕ ಹಾಸ್ಯದವರು, ಮೂಲೆಯಲ್ಲಿ ತಾಯಂದಿರು. ನಡುವೆ ಕಸಬರಿಗೆ ಪಕ್ಕಕ್ಕಿಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತವರು ಹೊನ್ನೂರಮ್ಮ. ಐವತ್ತೆರಡು ವರ್ಷ. ಸಾಹಿತ್ಯ ಮತ್ತು ನಾಟಕ ವಿಭಾಗದ ಅಟೆಂಡರ್. ಹತ್ತೊಂಬತ್ತು ವರ್ಷದಿಂದ ಇಲ್ಲಿ ಕಸ ಗುಡಿಸಿ, ಪತ್ರಿಕೆ ಹರಡಿ, ಓದುಗರು ಎಲ್ಲೆಲ್ಲೋ ಇಟ್ಟುಹೋದ ಪುಸ್ತಕ ವಾಪಸ್ಸು ಜೋಡಿಸುತ್ತಾರೆ. ದಿನಕ್ಕೆ ಏನಿಲ್ಲವೆಂದರೂ ಮುನ್ನೂರು ಪುಸ್ತಕ ಅವರ ಕೈ ದಾಟುತ್ತವೆ. ಇವರ ಹೆಸರು ಎಷ್ಟು ಓದುಗರಿಗೆ ಗೊತ್ತು ಎಂದು ವಿಚಾರಿಸಿದೆ. ಒಬ್ಬರಿಗೂ ಗೊತ್ತಿಲ್ಲ.

ಈ ನೋಟ್‌ಬುಕ್ಕುಗಳ ಕಥೆ ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ಈಗಲೂ ಪೂರ್ತಿ ಅರ್ಥವಾಗಿದೆ ಎಂದು ಎದೆ ತಟ್ಟಿ ಹೇಳಲಾರೆ. ನಮ್ಮ ಹಳ್ಳಿಗಳಲ್ಲಿ ನಾಟಕ ಆಡುವವರು ಇಡೀ ನಾಟಕ ಬರೆದುಕೊಳ್ಳುವುದಿಲ್ಲ. ಯಾರ ಪಾತ್ರವೋ ಅವರ ಮಾತು ಅಷ್ಟೇ, ಒಂದು ನೋಟ್‌ಬುಕ್ಕಿನಲ್ಲಿ. ಅದಕ್ಕೆ 'ಪಾರ್ಟು' ಎನ್ನುತ್ತಾರೆ. ಎದುರಿನವರ ಮಾತಿನ ಕೊನೆಯ ಮೂರ್ನಾಲ್ಕು ಪದ ಇರುತ್ತದೆ, ಅದು ಕೇಳಿಸಿದಾಗ ತನ್ನ ಮಾತು ಶುರು ಮಾಡಲು. ನಾಟಕದ ಹೆಸರು ಇರುವುದಿಲ್ಲ. ಪಾತ್ರಧಾರಿಗೆ ಗೊತ್ತೇ ಇರುತ್ತದಲ್ಲ! ಹನ್ನೆರಡು ವರ್ಷದ ಹಿಂದೆ, ಈಗ ನಿವೃತ್ತರಾಗಿರುವ ಗ್ರಂಥಪಾಲಕರೊಬ್ಬರು ಸಿರುಗುಪ್ಪ, ಕುರುಗೋಡು, ಮೋಕದ ಕಡೆಯ ಮನೆಮನೆ ತಿರುಗಿ ಇಂಥ ಮುನ್ನೂರ ಹನ್ನೆರಡು ಪಾರ್ಟು ಕೂಡಿಹಾಕಿದರು. ನಾಟಕವಾರು ಕಟ್ಟು ಕಟ್ಟಿಟ್ಟಿದ್ದರಂತೆ.

ಅದನ್ನು ಬಿಚ್ಚಿದವರು ನಮ್ಮ ಹೊನ್ನೂರಮ್ಮನೇ. "ನಂದೇ ತಪ್ಪು ಸಾರ್, ಮುಚ್ಚಿಡಂಗಿಲ್ಲ. ಕೇಳಾಕ ಬರೋ ಹಳ್ಳಿಯವ್ರು ಯಾರೂ ನಾಟಕದ ಹೆಸರು ಹೇಳ್ತಿರಲಿಲ್ಲ. 'ಗೌಡನ ಪಾರ್ಟು ಕೊಡವ್ವಾ, ಖಳನಾಯಕನ ಪಾರ್ಟು ಕೊಡವ್ವಾ' ಅಂತಿದ್ರು. ದಿನಾ ಹತ್ತು ಕಟ್ಟು ಬಿಚ್ಚಿ ಹುಡುಕಿ ಸಾಕಾಗಿತ್ತು. ಅದಕ್ಕ ಗೌಡರನ್ನೆಲ್ಲ ಒಂದ್ಕಡಿ ಕಟ್ಟಿದೆ, ಖಳನಾಯಕರನ್ನೆಲ್ಲ ಒಂದ್ಕಡಿ. ಎಷ್ಟು ಛಂದ ಮಾಡಿದೆ ಅನ್ಕಂಡಿದ್ದೆ."

ಛಂದವೇನೋ ಛಂದವೇ. ಆದರೆ ಬರುವ ಸೋಮವಾರ ಹಳೆಯ ಪುಸ್ತಕಗಳ ಪರಿಶೀಲನೆಗೆ ಸಮಿತಿ ಬರುತ್ತಿದೆ. 'ಅಪೂರ್ಣ' ಎನಿಸಿದ್ದೆಲ್ಲ ರದ್ದಿಗೆ. ಒಂಟಿ ಗೌಡನೊಬ್ಬ ಯಾವ ಲೆಕ್ಕದಲ್ಲಿ ಪೂರ್ಣ ಆಗುತ್ತಾನೆ? ಆದ್ದರಿಂದ ಹದಿನೈದು ದಿನದಿಂದ ಹೊನ್ನೂರಮ್ಮ ಎಂಟೂವರೆಗೆ ಬರುವ ಬದಲು ಆರಕ್ಕೇ ಬಂದು, ಮಾತಿನ ತುದಿಗೆ ಮಾತಿನ ತುದಿ ಸೇರಿಸುತ್ತ ನಾಟಕಗಳನ್ನು ಮತ್ತೆ ಕಟ್ಟುತ್ತಿದ್ದಾರೆ. ಹೆಸರಿಲ್ಲದ ನಾಟಕಗಳಿಗೆ ತಾವೇ ಹೆಸರಿಟ್ಟಿದ್ದಾರೆ: ಬಾವಿ ನಾಟಕ, ಕೋರ್ಟ್ ನಾಟಕ, ಎರಡು ತಾಳಿ ನಾಟಕ.

ನಾನೂ ಬುದ್ಧಿವಂತನಂತೆ ಕೈ ಹಾಕುತ್ತೇನೆ. ಗೌಡರು ಮೂವತ್ತೊಂದು ಮಂದಿ, ಅಂದರೆ ಮೂವತ್ತೊಂದು ನಾಟಕ ಎಂದು ಲೆಕ್ಕ ಹೇಳುತ್ತೇನೆ. ಹೊನ್ನೂರಮ್ಮ ನಗುತ್ತಾರೆ. ಕೆಲವು ನಾಟಕದಲ್ಲಿ ಗೌಡರು ಇಬ್ಬರು, ಕೆಲವದರಲ್ಲಿ ಗೌಡನೇ ಖಳನಾಯಕ, ಇನ್ನು ಕೆಲವದರಲ್ಲಿ ಖಳನಾಯಕ ಕೊನೆಗೆ ಒಳ್ಳೆಯವನಾಗಿ ಗೌಡನಾಗುತ್ತಾನೆ. ಎಲ್ಲ ಆಳುಗಳೂ "ಆಗಲಿ ಧಣಿ" ಎಂದೇ ಮಾತು ಮುಗಿಸುತ್ತಾರೆ, ಅವರು ಯಾವ ಧಣಿಯ ಆಳುಗಳೋ ದೇವರೇ ಬಲ್ಲ. ಒಂದು ತಾಸು ಒದ್ದಾಡಿ ನಾನು ಸೇರಿಸಿದ ಜೋಡಿಯನ್ನು ಹೊನ್ನೂರಮ್ಮ ನೋಡಿ ಮೆಲ್ಲಗೆ ಬಿಡಿಸುತ್ತಾರೆ. ನಾನು ಒಬ್ಬನ ತಾಯಿಯನ್ನು ಇನ್ನೊಬ್ಬನಿಗೆ ಕೊಟ್ಟುಬಿಟ್ಟಿದ್ದೆ.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಗೊಂದಲ. ಗೌಡರಿದ್ದಾರೆ, ತಾಯಂದಿರಿದ್ದಾರೆ, ನಾಯಕಿಯರ ಗುಡ್ಡೆ ಎಲ್ಲಿ? ಒಂದೂ ಇಲ್ಲ. ಮುನ್ನೂರ ಹನ್ನೆರಡರಲ್ಲಿ ಒಬ್ಬಳೂ ನಾಯಕಿ ಇಲ್ಲ. "ಅದೂ ಹೌದಲ್ಲ" ಎಂದು ಹೊನ್ನೂರಮ್ಮ ಕಸಬರಿಗೆ ಕೈಗೆತ್ತಿಕೊಂಡು ಆಚೆ ಹೋಗುತ್ತಾರೆ. ಆಗ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಮರುದಿನ, ಗುರುವಾರ, ಉತ್ತರ ಸಿಗುತ್ತದೆ. ರಾರಾವಿ ಎಂಬ ಹಳ್ಳಿಯಿಂದ ಗಾಳೆಪ್ಪ ಬಂದಿದ್ದಾರೆ. ಎಪ್ಪತ್ತಾರರ ಈ ರೈತ ವಯಸ್ಸಿನಲ್ಲಿದ್ದಾಗ ಊರಿನ ಖಾಯಂ ಖಳನಾಯಕ. ಈಗ ಊರ ಹುಡುಗರಿಗೆ ಬಾವಿ ನಾಟಕ ಕಲಿಸಬೇಕೆಂದು ತಮ್ಮದೇ ಹಳೆಯ ಪಾರ್ಟು ಹುಡುಕಿಕೊಂಡು ಬಂದವರು. "ನಾಯಕಿ ಪಾರ್ಟು ಊರಾಗ ಎಲ್ಲಿ ಉಳೀತೈತಿ ಸಾರ್?" ಎಂದು ಅವರೇ ನನಗೆ ತಿಳಿಹೇಳುತ್ತಾರೆ. "ಊರ ಹೆಣ್ಮಕ್ಳು ಸ್ಟೇಜ್ ಹತ್ತಂಗಿಲ್ಲ. ನಾಯಕೀನ ಬಳ್ಳಾರಿಯಿಂದ ಕರೆಸ್ತಿದ್ವಿ. ಸಂಜಿಗಿ ಜೀಪ್‌ನ್ಯಾಗ ಬರ್ತಿದ್ಲು, ಹಾರ್ಮೋನಿಯಂ ಮಾಸ್ತರ ಜೊತಿ ಒಂದ್ಸಲ ಕುಂದರ್ತಿದ್ಲು, ನಾಟಕ ಮುಗಿಸಿ ಹೊಂಟುಬಿಡ್ತಿದ್ಲು. ಪಾರ್ಟು ಆಕಿ ಚೀಲದಾಗ ಆಕಿ ಜೊತೀಗೇ."

ಗ್ರಂಥಪಾಲಕಿ ವರದಾ ಮೇಡಂ ತಲೆ ಮೇಲೆ ಕೈ ಇಡುತ್ತಾರೆ. ಇಲ್ಲಿಗೆ ಬಂದು ಇನ್ನೂ ಏಳು ತಿಂಗಳು. ಈ ಪಾರ್ಟುಗಳನ್ನು ಉಳಿಸಬೇಕೆಂಬ ಆಸೆ ಅವರಿಗೂ ಇದೆ. "ಅಂದ್ರ ಎಷ್ಟು ಜೋಡಿಸಿದ್ರೂ ಎಲ್ಲಾ ನಾಟಕ ಅಪೂರ್ಣನ ಆತಲ್ರೀ. ಸೋಮವಾರ ಏನಂತ ತೋರಸ್ಲಿ?" ಹೊನ್ನೂರಮ್ಮ ಬೀರು ಒರೆಸುತ್ತಿದ್ದಾರೆ.

ಇದ್ದಷ್ಟಾದರೂ ಸರಿಯಾಗಿ ಹೊಂದುತ್ತದೋ ನೋಡೋಣ ಎಂದು ಬಾವಿ ನಾಟಕವನ್ನು ಓದಲು ಕೂರುತ್ತೇವೆ. ನಾನು ಗೌಡ, ಮೇಡಂ ತಾಯಿ, ಗಾಳೆಪ್ಪನವರು ತಮ್ಮ ಹಳೆಯ ಖಳನಾಯಕ. ಮೂರನೇ ದೃಶ್ಯದಲ್ಲಿ ಬಾವಿ ಕಟ್ಟೆಯ ಮೇಲೆ ನಾಯಕಿ ಗೌಡನಿಗೆ ಎದುರು ನಿಲ್ಲುತ್ತಾಳೆ. ನನ್ನ ಪಾರ್ಟಿನಲ್ಲಿರುವುದು ಅವಳ ಮಾತಿನ ತುದಿ ಮಾತ್ರ: '...ಇಲ್ಲವೇ ಹಗ್ಗ ಬಿಡಿ.' ಅದಕ್ಕಿಂತ ಹಿಂದೆ ಏನಿತ್ತೋ ಗೊತ್ತಿಲ್ಲ.

ಬೀರುವಿನ ಕಡೆಯಿಂದ ದನಿ ಬರುತ್ತದೆ. "ಗೌಡರೇ, ಈ ಬಾವಿ ತೋಡಿದವನು ನನ್ನ ಅಪ್ಪ. ನೀರು ನಿಮ್ಮದು ಅನ್ನುತ್ತೀರಿ. ಹಾಗಾದರೆ ಅದರೊಳಗೆ ಬಿದ್ದ ಅವನ ಬೆವರು ಯಾರದು? ಹೇಳಿ, ಇಲ್ಲವೇ ಹಗ್ಗ ಬಿಡಿ."

ಹೊನ್ನೂರಮ್ಮನ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇದೆ. ಗಾಳೆಪ್ಪ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಲ್ಲುತ್ತಾರೆ. "ಇದು ಬಳ್ಳಾರಿ ಕೌಲ್ ಬಜಾರಿನ ಪಕ್ಕೀರಮ್ಮನ ಮಾತು. ಹಿಂಗ ಹೇಳ್ತಿದ್ದಾಕಿ ಆಕಿ ಒಬ್ಬಾಕಿನ. ನಿನಗ ಹೆಂಗ ಗೊತ್ತವ್ವಾ?"

"ಎಲ್ಲೋ ಓದಿದ್ದೆ ಬಿಡ್ರಿ ಯಜ್ಜಾ" ಎಂದು ಅವರು ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ನಡೆಯುತ್ತಾರೆ. ಏನಾಯಿತೆಂದು ನನಗೆ ತಿಳಿಯುವುದಿಲ್ಲ. ಮೇಡಂಗೂ ತಿಳಿಯುವುದಿಲ್ಲ. ಅವತ್ತು ಸಂಜೆಯವರೆಗೆ ಹೊನ್ನೂರಮ್ಮ ನಮ್ಮ ಕಡೆ ಸುಳಿಯುವುದಿಲ್ಲ.

ಸಂಜೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಅವರೇ ನನ್ನನ್ನು ಕರೆಯುತ್ತಾರೆ. "ಸಾರ್, ಪಕ್ಕೀರಮ್ಮ ನಮ್ಮವ್ವ. ತೀರಿಹೋಗಿ ಆರು ವರ್ಷ ಆತು. ಆಕಿಗಿ ಓದಾಕ ಬರ್ತಿರಲಿಲ್ಲ. ನಾ ಎರಡನೇ ಕ್ಲಾಸ್‌ನ್ಯಾಗ ಇದ್ದಾಗಿಂದ ಆಕಿ ಪಾರ್ಟು ನಾನೇ ಬರಕಂಡು, ನಾನೇ ಓದಿ ಹೇಳಿ ಬಾಯಿಪಾಠ ಮಾಡಿಸ್ತಿದ್ದೆ. ನಾ ಓದಾಕ ಕಲ್ತಿದ್ದು ಸಾಲ್ಯಾಗಲ್ಲ, ಹಂಗ. ಆ ಪಾರ್ಟು ಅದಾವು ಮನ್ಯಾಗ, ಒಂದು ಟ್ರಂಕ್‌ನ್ಯಾಗ."

ಮತ್ತೆ ತರಬಾರದೇ ಎಂದು ನಾನು ಸಲೀಸಾಗಿ ಕೇಳಿಬಿಡುತ್ತೇನೆ. ಕೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ನಾಟಕದವಳ ಮಗಳು ಎಂದರೆ ಹೆಣ್ಣು ನೋಡಲು ಬಂದವರು ಅಂಗಳದಿಂದಲೇ ತಿರುಗಿ ಹೋಗುತ್ತಿದ್ದ ಕಾಲ ಅದು. ಎರಡು ಸಂಬಂಧ ಹಾಗೆ ತಪ್ಪಿದವಂತೆ. ಕುರುಗೋಡಿನ ಸಂಬಂಧ ಬಂದಾಗ ತಾಯಿಯೇ ಹೇಳಿಕೊಟ್ಟದ್ದು: ನಮ್ಮವ್ವ ಹೊಲಿಗೆ ಕೆಲಸ ಮಾಡುತ್ತಾಳೆ ಎನ್ನು. ಆಟೋ ಓಡಿಸುವ ಗಂಡನಿಗೆ ನಿಜ ಗೊತ್ತು. ಅತ್ತೆಮನೆಯಲ್ಲಿ ಬೇರೆ ಯಾರಿಗೂ ಮೂವತ್ತು ವರ್ಷದಿಂದ ಗೊತ್ತಿಲ್ಲ. ಮದುವೆಗೂ ತಾಯಿ ಹಿಂದಿನ ಸಾಲಿನಲ್ಲೇ ಕೂತು ಊಟ ಮಾಡಿ ಹೋದರಂತೆ.

"ತಂದ್ರ ಇದು ಯಾರದು ಅಂತ ಕೇಳ್ತಾರ. ತರಲಿಲ್ಲಂದ್ರ ನಾ ಬಿಚ್ಚಿ ಹಾಕಿದ್ದು ಎಲ್ಲಾ ರದ್ದಿಗಿ ಹೋಗತೈತಿ. ಏನ್ ಮಾಡ್ಲಿ ಅಂತ ತಿಳೀವಲ್ದು ಸಾರ್" ಎನ್ನುತ್ತಾರೆ. ನಾನು ಅವರ ಜೊತೆ ಗೇಟಿನವರೆಗೆ ನಡೆದೆ.

ಶುಕ್ರವಾರ ಬೆಳಗ್ಗೆ ಆರಕ್ಕೆ ನಾನು ಹೋದಾಗ ಹೊನ್ನೂರಮ್ಮನ ಗಂಡನ ಆಟೋ ಹಿಂಬಾಗಿಲಲ್ಲಿ ನಿಂತಿದೆ. ಹಿಂದಿನ ಸೀಟಿನಲ್ಲಿ ತಗಡಿನ ಟ್ರಂಕು. ಒಳಗೆ ಹದಿನಾಲ್ಕು ನೋಟ್‌ಬುಕ್ಕು, ಎಲ್ಲವೂ ಶಾಲೆ ಹುಡುಗಿಯ ದುಂಡಗಿನ ಅಕ್ಷರ. ಬೇಗನೆ ಕರೆಸಿಕೊಂಡ ವರದಾ ಮೇಡಂ ಸೀರೆಯ ನೆರಿಗೆ ಎತ್ತಿ ನೆಲದ ಮೇಲೇ ಕೂರುತ್ತಾರೆ. ಹನ್ನೊಂದರ ಹೊತ್ತಿಗೆ ಒಂಬತ್ತು ನಾಯಕಿಯರು ತಮ್ಮ ತಮ್ಮ ನಾಟಕಕ್ಕೆ ಸೇರಿದ್ದಾರೆ. ಒಂಬತ್ತು ನಾಟಕ ಪೂರ್ಣ. ಇನ್ನುಳಿದ ಐವರು ಯಾವ ಗೌಡನಿಗೂ ಹೊಂದುತ್ತಿಲ್ಲ, ಇನ್ನುಳಿದ ಗೌಡರಿಗೆ ಯಾವ ನಾಯಕಿಯೂ ಇಲ್ಲ. "ಉಳಿದಿದ್ದಕ್ಕ ಒಂದು ವರ್ಷ ಟೈಮ್ ಕೇಳ್ತೀನಿ. ಒಂಬತ್ತು ಕೈಯಾಗ ಇಟ್ಕೊಂಡು ಕೇಳೂದು ಬ್ಯಾರೆ, ಖಾಲಿ ಕೈಲೆ ಕೇಳೂದು ಬ್ಯಾರೆ" ಎನ್ನುತ್ತಾರೆ ಮೇಡಂ. ಸಮಿತಿ ಒಪ್ಪುತ್ತದೋ ಇಲ್ಲವೋ, ಈ ಬರಹ ಅಚ್ಚಿಗೆ ಹೋಗುವಾಗ ನನಗೆ ಗೊತ್ತಿಲ್ಲ.

ಇದನ್ನೆಲ್ಲ ಬರೆಯಲೋ ಬೇಡವೋ ಎಂದು ಹೊನ್ನೂರಮ್ಮನನ್ನೇ ಕೇಳುತ್ತೇನೆ. "ನಮ್ಮತ್ತಿ ಪೇಪರ್ ಓದಂಗಿಲ್ಲ. ಓರಗಿತ್ತಿ ಓದ್ತಾಳ, ಓದಿ ಇಡೀ ಕುರುಗೋಡಿಗಿ ಹೇಳ್ತಾಳ. ಬರೀರಿ ಬಿಡ್ರಿ. ನಾ ಎಷ್ಟು ಮನಿಗಿ ಹೋಗಿ ಹೇಳ್ಲಿ?" ಈ ಮೂರು ದಿನದಲ್ಲಿ ಅವರು ನಕ್ಕಿದ್ದು ಇದು ಎರಡನೇ ಸಲ.

ಮೇಡಂ ದಾಖಲಾತಿ ಪುಸ್ತಕ ತೆರೆದು ಹದಿನಾಲ್ಕು ನೋಟ್‌ಬುಕ್ಕಿಗೆ ನಂಬರ್ ಹಾಕುತ್ತಾರೆ. ಕೊಟ್ಟವರ ಹೆಸರಿನ ಕಡೆ 'ಹೊನ್ನೂರಮ್ಮ' ಎಂದು ಬರೆಯಲು ಹೋದಾಗ ಪೆನ್ನಿಗೆ ಅಡ್ಡವಾಗಿ ಕೈ ಬರುತ್ತದೆ. "ನನ್ನ ಹೆಸರು ಬ್ಯಾಡ್ರಿ. ಪಕ್ಕೀರಮ್ಮ, ಕೌಲ್ ಬಜಾರ್, ಅಂತ ಬರೀರಿ."

ಮೇಡಂ ಬರೆಯುತ್ತಾರೆ. ಮುಂದಿನ ಕಾಲಂ ಉದ್ಯೋಗದ್ದು. ತಲೆ ಎತ್ತದೆ ಕೇಳುತ್ತಾರೆ, "ಏನ್ ಕೆಲಸ ಮಾಡ್ತಿದ್ರು?"

ಹೊನ್ನೂರಮ್ಮ ಒಂದು ಸಲ ಬಾಗಿಲ ಕಡೆ ನೋಡುತ್ತಾರೆ. ಓದುಗರು ಒಳಗೆ ಬರುತ್ತಿದ್ದಾರೆ. ಸೆರಗು ಸರಿಮಾಡಿಕೊಂಡು, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾರೆ. "ನಾಟಕ ಮಾಡ್ತಿದ್ಲು ಮೇಡಮ್ಮೋರೆ. ನಾಯಕಿ ಪಾರ್ಟು. ಸೈಡ್ ಪಾರ್ಟು ಒಂದಿನಾನೂ ಮಾಡ್ಲಿಲ್ಲ ನಮ್ಮವ್ವ."