ಕೆಡಿಸಿದವರ ಪುಸ್ತಕ

ಹಾಜರಿ ಪುಸ್ತಕದಲ್ಲಿ ಆಕೆಗೊಂದು ಹೆಸರಿತ್ತು. ಆದರೆ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಎಲ್ಲರ ಬಾಯಲ್ಲೂ ಆಕೆ ಲ್ಯಾಬಕ್ಕ. ಲ್ಯಾಬಿನ ಬೀಗದ ಕೈ, ಬಿಡಿಭಾಗಗಳ ಬೀರು, ಉದ್ದನೆಯ ಒಂದು ನೋಟ್‌ಬುಕ್ಕು, ಇಷ್ಟೇ ಆಕೆಯ ಸಾಮ್ರಾಜ್ಯ. ಯಾವ ವಿದ್ಯಾರ್ಥಿ ಏನೇ ಸುಟ್ಟರೂ, ಮುರಿದರೂ ಆ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಏನು ಮಾಡಲು ಹೊರಟೆ, ಏನು ಮಾಡಿದೆ, ಏನಾಯಿತು. ಬರೆದರೆ ಮುಗಿಯಿತು, ಬೀರುವಿನಿಂದ ಇನ್ನೊಂದು ಕೈಗೆ ಬರುತ್ತಿತ್ತು. ದಂಡವಿಲ್ಲ, ಬೈಗುಳವಿಲ್ಲ. "ಬೈಯೋದನ್ನೆಲ್ಲ ಮನೆಗೆ ಉಳಿಸ್ಕೊಂಡಿದೀನಿ," ಎನ್ನುತ್ತಿದ್ದಳು. ಮನೆಯಲ್ಲಿ ಬಟ್ಟೆ ಹೊಲಿಯುವ ಆಕೆಯ ಗಂಡನನ್ನು ಕೇಳಿದರೆ ಈ ಮಾತಿಗೆ ಬೇಕಾದಷ್ಟು ಸಾಕ್ಷಿ ಸಿಗುತ್ತಿತ್ತು.

ಹೀಗಿರುವಾಗ ವಿಭಾಗಕ್ಕೊಂದು ನಾವೀನ್ಯತಾ ಕೇಂದ್ರ ಬೇಕೆಂದು ಮೇಲಿನವರಿಗೆ ಅನ್ನಿಸಿತು. ಹೊಸದನ್ನು ಮಾಡಿ ನೋಡಲು ಮಕ್ಕಳಿಗೊಂದು ಜಾಗ ಬೇಡವೇ? ಏಳು ಜನ ಪ್ರಾಧ್ಯಾಪಕರ ಸಮಿತಿ ಹನ್ನೊಂದು ಸಲ ಸೇರಿತು. ಲ್ಯಾಬಕ್ಕನ ಲ್ಯಾಬಿನ ಗೋಡೆ ಒಡೆದು ಗಾಜು ಹಾಕಿದರು. ಚಕ್ರದ ಕುರ್ಚಿಗಳು ಬಂದವು, ತ್ರೀಡಿ ಪ್ರಿಂಟರ್ ಬಂತು. ಸಮಿತಿ ಕಸದ ಬುಟ್ಟಿಯನ್ನೂ ಮರೆಯಲಿಲ್ಲ, ಮರೆತದ್ದು ಲ್ಯಾಬಕ್ಕನನ್ನು ಮಾತ್ರ. ಹೊಸ ಕೇಂದ್ರದಲ್ಲಿ ಆಕೆಗೆ ಹುದ್ದೆಯಿಲ್ಲವೆಂದು, ಉತ್ತರಪತ್ರಿಕೆಗಳ ಕಟ್ಟು ಕಟ್ಟಲು ಪರೀಕ್ಷಾ ಕಚೇರಿಗೆ ಕಳಿಸಿದರು. ನಿವೃತ್ತಿಗೆ ಉಳಿದಿದ್ದು ಎರಡೇ ವರ್ಷ. ಅದನ್ನು ಮಕ್ಕಳ ನಡುವೆ ಕಳೆಯಬೇಕೆಂಬುದೊಂದೇ ಆಕೆಯ ಆಸೆಯಾಗಿತ್ತು. ಆದೇಶ ಕೈಗೆ ಬಂದಾಗ ಸಹಿ ಹಾಕಿ, ಬೀಗದ ಕೈ ಒಪ್ಪಿಸಿ ಹೊರಟಳು. ಆ ಸಂಜೆ ಗಂಡನ ಪಾಲಿಗೆ ಏನು ಬಂತೆಂದು ಹೇಳದಿರುವುದೇ ಒಳ್ಳೆಯದು.

ಕೇಂದ್ರವೇನೋ ಶುರುವಾಯಿತು. ಮಕ್ಕಳು ಬಂದರು, ಗಾಜಿನ ಮುಂದೆ ನಿಂತು ಫೋಟೊ ತೆಗೆದುಕೊಂಡರು, ಹೋದರು. ಎರಡು ತಿಂಗಳಾದರೂ ಪ್ರಿಂಟರಿನ ಹೊದಿಕೆ ತೆಗೆದವರಿಲ್ಲ. ಸಮಿತಿ ಮತ್ತೆ ಸೇರಿ, ಕುರ್ಚಿಗಳ ಬಣ್ಣ ಬದಲಿಸೋಣವೇ ಎಂದು ತಲೆ ಕೆಡಿಸಿಕೊಂಡಿತು. ಕೊನೆಗೆ ವಿಭಾಗದ ಮುಖ್ಯಸ್ಥೆ ಒಬ್ಬ ವಿದ್ಯಾರ್ಥಿನಿಯನ್ನು ಕರೆದು ಕೇಳಿದರು. ಮೊದಲೇ ಕೇಳಬಹುದಿತ್ತು, ಇರಲಿ.

"ಮೇಡಂ, ಒಳಗೆ ಏನು ಮುಟ್ಟಬೇಕಾದ್ರೂ ಮೊದಲು ಫಾರ್ಮಿಗೆ ಸಹಿ ಹಾಕ್ಬೇಕು, ಕೆಟ್ರೆ ನಾನೇ ಹೊಣೆ ಅಂತ," ಎಂದಳು ಹುಡುಗಿ. "ಏನೂ ಕೆಡಿಸದೆ ಹೊಸದು ಮಾಡೋದು ಹೇಗೆ? ಅಕ್ಕ ಇದ್ದಾಗ ಈ ಹೆದರಿಕೆ ಇರ್ಲಿಲ್ಲ."

ಮುಖ್ಯಸ್ಥೆಯೂ ಇದೇ ವಿಭಾಗದಲ್ಲಿ ಓದಿದವರು. ಮೊದಲ ವರ್ಷವೇ ಒಂದು ಮದರ್‌ಬೋರ್ಡ್ ಸುಟ್ಟು, ಲ್ಯಾಬಕ್ಕನ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದಿದ್ದರು. ಅಂದು ಯಾರಾದರೂ ಗದರಿದ್ದರೆ ತಾನು ಓದು ಬಿಟ್ಟು ಹೋಗುತ್ತಿದ್ದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎದ್ದವರೇ ಪರೀಕ್ಷಾ ಕಚೇರಿಗೆ ನಡೆದರು. ಲ್ಯಾಬಕ್ಕ ದಾರ ಎಳೆದು ಗಂಟು ಹಾಕುತ್ತಿದ್ದಳು.

"ಅಕ್ಕಾ, ನಮ್ಮಿಂದ ತಪ್ಪಾಯ್ತು. ವಾಪಸ್ ಬಂದ್ಬಿಡಿ. ಆದೇಶ ನಾನು ಮಾಡಿಸ್ತೀನಿ."

"ಆ ಫಾರ್ಮು?"

"ಇವತ್ತಿಂದ ಇಲ್ಲ. ನಿಮ್ಮ ನೋಟ್‌ಬುಕ್ಕೇ ಸಾಕು."

"ಹಾಗಾದ್ರೆ ಇದೊಂದು ಕಟ್ಟು ಮುಗಿಸಿ ಬರ್ತೀನಿ, ಮೇಡಂ."

ಸಂಜೆ ಮನೆಗೆ ಬಂದ ಲ್ಯಾಬಕ್ಕ ಚಪ್ಪಲಿ ಬಿಟ್ಟು ಕುಳಿತವಳೇ ಗಳಗಳ ಅತ್ತಳು. ಇಂದೇನು ಕಾದಿದೆಯೋ ಎಂದು ಗಂಡ ಹೊಲಿಗೆ ನಿಲ್ಲಿಸಿದ. ವಿಷಯವೆಲ್ಲ ಕೇಳಿದ ಮೇಲೆ ಅವನಿಗೆ ನಗು ಬಂತು.

"ನಿನ್ನ ಋಣ ಅವರ ಮೇಲಿದೆ ಕಣೇ. ನೀನ್ಯಾಕೆ ಅಳ್ತೀಯ?"

"ಇಲ್ಲಾ ರೀ," ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಓದಿದ್ದು ಹತ್ತನೇ ಕ್ಲಾಸು. ಕೆಲಸಕ್ಕೆ ಸೇರಿದಾಗ ಮೌಸ್ ಹಿಡಿಯೋಕೂ ಬರ್ತಿರ್ಲಿಲ್ಲ. ಊಟದ ಹೊತ್ತಲ್ಲಿ ಬಾಗಿಲು ಹಾಕ್ಕೊಂಡು ಆ ಮಕ್ಕಳು ಬರೆದಿದ್ದನ್ನ ಓದ್ತಿದ್ದೆ, ದಿನಾ. ನನಗೆ ಗೊತ್ತಿರೋದೆಲ್ಲ ಅವರು ಕೆಡಿಸಿದ್ರಿಂದ ಬಂದಿದ್ದು. ಅವರು ನನ್ನನ್ನ ಅಕ್ಕ ಅಂದ್ರು. ನಾನು ಅವರನ್ನ ಮೇಷ್ಟ್ರೇ ಅನ್ಬೇಕಿತ್ತು."